ಕಡೆಯ ಸಾಲು

ನಮ್ಮೂರ ಹೆಸರಿನ ಬಾಲದಲ್ಲಿ ಒಂದು ‘ಟಿಕಲ್’ ಇತ್ತು.
ಹೊರಗಿನವರು ನಗುತ್ತಿದ್ದರು, ಕಚಗುಳಿಯೆಂದು.
ನ್ಯೂಫೌಂಡ್‌ಲ್ಯಾಂಡಿನ ನಮಗೆ ಅದು
ಎರಡು ಬಂಡೆಗಳ ನಡುವೆ ದೋಣಿ ಉಸಿರು ಬಿಗಿಹಿಡಿದು
ನುಸುಳುವ ಕಡಲ ಓಣಿ.
ಹದಿನೇಳು ಮನೆ, ಒಣಗಲು ಹಾಸಿದ ಕಾಡ್ ಮೀನು,
ಮತ್ತೆ ಮಿಸ್ ಥಿರ್ಜಾ ಹೌನ್ಸೆಲಳ ತಂತಿ ಕಚೇರಿ.

ಪತ್ರಿಕೆ ಬರುತ್ತಿದ್ದುದು ಹಡಗಿನಲ್ಲಿ, ಹಡಗು ಬಂದರೆ;
ಡಿಸೆಂಬರಿನಿಂದ ಮೇವರೆಗೆ ಹಿಮಗಡ್ಡೆ ಒಲ್ಲೆನ್ನುತ್ತಿತ್ತು.
ಬಂದ ಮೇಲೂ ಅದು ಓದಲಿಕ್ಕಲ್ಲ,
ಗೋಡೆಗೆ ಅಂಟಿಸಿ ಗಾಳಿ ತಡೆಯಲಿಕ್ಕೆ.
ನನ್ನ ಹಾಸಿಗೆಯ ಪಕ್ಕ ಒಬ್ಬ ಮಂತ್ರಿ
ತಲೆಕೆಳಗಾಗಿ ಏಳು ವರ್ಷ ಭಾಷಣ ಮಾಡಿದ.

ಸುದ್ದಿ ಎಂದರೆ ತಂತಿಯದು.
ಸಂಜೆ ಆರಕ್ಕೆ ಥಿರ್ಜಾ ಕಟಕಟಕ್ಕೆ ಕಿವಿಗೊಟ್ಟು ಕೂತರೆ
ಪೆನ್ಸಿಲು ತಾನೇ ಓಡುತ್ತಿತ್ತು.
ಹಾಳೆಯನ್ನು ಬಾಗಿಲಿಗೆ ನಾಲ್ಕು ಮೊಳೆಯಲ್ಲಿ ಬಡಿದು
ನಕಲೊಂದು ನನ್ನ ಕೈಗೆ.
ನಾನು, ಸ್ನೂಕರ ಮನೆಯ ಕೊನೆ ಹುಡುಗ, ಒಂಬತ್ತರ ಪೋರ,
ಓದು ಬಾರದ ಮನೆಗಳಿಗೆ ಓದಿ ಹೇಳುವವನು.
ಸಂಬಳ: ಮನೆಗೊಂದು ಕಾಕಂಬಿ ಬನ್ನು.

ಮೊದಲು ಯುದ್ಧ. ಆಮೇಲೆ ಮೀನಿನ ದರ,
ಅದು ಯುದ್ಧಕ್ಕಿಂತ ಕೆಟ್ಟ ಸುದ್ದಿ.
ಎಲ್ಲೋ ಒಬ್ಬ ರಾಜ ಸತ್ತ; ಯಾರ ರಾಜ ಎಂದು ಯಾರೂ ಕೇಳಲಿಲ್ಲ.
ಕಣ್ಣಿಗೆ ಪೊರೆ ಬಂದ ಅಜರಾಯ ಮಾಮ
ಒಲೆಯ ಕಡೆ ಮುಖ ಮಾಡಿ, ಪೈಪು ತಟ್ಟುತ್ತಾ,
“ಅದಿರಲಿ, ಕಡೇದು ಓದೋ” ಎನ್ನುತ್ತಿದ್ದ.

ಕಡೆಯ ಸಾಲು ಯಾವತ್ತೂ ನಗೆಯದು.
ಹ್ಯಾಲಿಫ್ಯಾಕ್ಸಿನಲ್ಲಿ ಕನ್ನ ಹಾಕಿದ ಕಳ್ಳ ಪಿಯಾನೋ ಕಂಡು
ತಡೆಯಲಾರದೆ ಕೂತು ನುಡಿಸಿ, ಚಪ್ಪಾಳೆಗೆ ಸಿಕ್ಕಿಬಿದ್ದ.
ಒಂಟಾರಿಯೊದಲ್ಲಿ ಮೇಯರನ ಟೊಪ್ಪಿಯೊಳಗೆ ಕೋಳಿ ಕಾವು ಕೂತಿದೆ;
ಮರಿ ಹೊರಬರುವವರೆಗೆ ಸಭೆಯನ್ನು ಮುಂದೂಡಲಾಗಿದೆ.
ಇಷ್ಟೇ. ಆದರೆ ಅದು ಮೊದಲ ಮನೆಯಿಂದ
ಹದಿನೇಳನೆಯ ಮನೆ ಮುಟ್ಟುವಷ್ಟರಲ್ಲಿ
ಕೋಳಿಗೆ ಹೆಸರು ಬಂದಿರುತ್ತಿತ್ತು,
ಮೇಯರನಿಗೆ ಹೆಂಡತಿ, ಹೆಂಡತಿಗೆ ಅತ್ತೆ.
ಮರುದಿನ ಮೀನು ಸೀಳುವ ಮೇಜಿನ ಮೇಲೆ
ಚೂರಿಗಳು ನಕ್ಕು ನಕ್ಕು ದಾರಿ ತಪ್ಪುತ್ತಿದ್ದವು.

ಈಗ ಮರಿಮೊಮ್ಮಗಳು ಫೋನು ಉಜ್ಜಿ
ಗಳಿಗೆಯಲ್ಲಿ ನಲವತ್ತು ತೋರಿಸುತ್ತಾಳೆ.
ನಗುತ್ತೇನೆ, ಸುಳ್ಳೇಕೆ. ಆದರೆ
ಒಂದು ಮುಗಿಯುವ ಮೊದಲೇ ಇನ್ನೊಂದು;
ಅತ್ತೆ ಹುಟ್ಟುವಷ್ಟು ಪುರುಸೊತ್ತು ಯಾವುದಕ್ಕೂ ಇಲ್ಲ.

ಆ ಒಂದು ಮಾರ್ಚ್.
ಸೀಲ್ ಬೇಟೆಗೆಂದು ಹಿಮದ ಮೇಲೆ ನಡೆದ ವ್ಯಾಲಿಸ್ ಸೋದರರಿಬ್ಬರು
ಗಾಳಿ ತಿರುಗಿದ ರಾತ್ರಿ ಹಿಂದಿರುಗಲಿಲ್ಲ.
ಅದೇ ರಾತ್ರಿ ಮಂಜಿನ ಭಾರಕ್ಕೆ ತಂತಿಯೂ ಹರಿಯಿತು.
ಆದರೂ ಸಂಜೆ ಆರಕ್ಕೆ ಬಾಗಿಲ ಮೇಲೆ ಹಾಳೆ.
ಯುದ್ಧವಿಲ್ಲ, ದರವಿಲ್ಲ. ಕಡೆಯ ಸಾಲು ಮಾತ್ರ:
‘ಮಾಂಟ್ರಿಯಲ್. ಹೆಬ್ಬಾತೊಂದು ಟಿಕೆಟ್ಟು ಕೊಂಡು ರೈಲು ಹತ್ತಿದೆ.’
ಮರುದಿನ: ‘ಬಾತು ಕಿಟಕಿ ಪಕ್ಕದ ಸೀಟು ಬಿಡಲೊಲ್ಲದು.’
ಅದರ ಮರುದಿನ: ‘ಟಿಕೆಟ್ ತಪಾಸಣೆಯವನನ್ನು ಕಚ್ಚಿ, ಕ್ಷಮೆ ಕೇಳಿದೆ.’

ಕಿಟಕಿಯಲ್ಲಿ ಇಣುಕಿದ್ದೆ ನಾನು.
ಯಂತ್ರ ಮಾತು ಸತ್ತು ಕೂತಿತ್ತು.
ಥಿರ್ಜಾ ಪೆನ್ಸಿಲು ಕಚ್ಚಿ ಸೂರು ನೋಡುತ್ತಿದ್ದಳು,
ಮುಖದಲ್ಲಿ ನಗೆಯ ಸುಳಿವೂ ಇಲ್ಲ.
ಯಾರಿಗೂ ಹೇಳಲಿಲ್ಲ. ಆದರೆ ಅಜರಾಯ ಮಾಮ,
ತಂತಿಕಂಬದ ಗುಂಯ್ ನಿಂತದ್ದು
ಎಲ್ಲರಿಗಿಂತ ಮೊದಲು ತಿಳಿದವನು,
ಪೈಪು ತಟ್ಟಿ ಮೆಲ್ಲಗೆ ಅಂದ:
“ಅವಳಿಗೆ ಹೇಳು, ಬಾತನ್ನ ಮುಂದಿನ ಸ್ಟೇಷನ್ನಿನಲ್ಲಿ
ಇಳಿಸಬೇಡ ಅಂತ.”

ಒಂಬತ್ತನೆಯ ದಿನ ಕಿರಿಯ ವ್ಯಾಲಿಸ್ ಒಬ್ಬನೇ
ತೆವಳಿಕೊಂಡು ಬಂದ.
ಆ ಸಂಜೆ ಬಾಗಿಲು ಬೋಳು, ನಾಲ್ಕು ಮೊಳೆ ಮಾತ್ರ.
ಆದರೂ ಜನ ನಿಂತೇ ಇದ್ದರು, ಟೊಪ್ಪಿ ಕೈಯಲ್ಲಿ ಹಿಡಿದು.
ಹಿರಿಯವನ ಹೆಂಡತಿ ಕೆಜಿಯಾ ಗುಡ್ಡ ಇಳಿದು ಬಂದು
ಯಾರನ್ನೂ ನೋಡದೆ ಒಳಗೇ ನಡೆದು ಕೇಳಿದಳು:
“ಬಾತು ಇಳಿಯಿತಾ, ಥಿರ್ಜಾ?”

ಥಿರ್ಜಾ ಹಾಳೆ ಎಳೆದುಕೊಂಡಳು. ಅಕ್ಷರ ಸೊಟ್ಟ.
ಮೊಳೆ ಹೊಡೆದವನು ನಾನು; ಒಂದು ಏಟು ಹೆಬ್ಬೆರಳಿಗೂ ಬಿತ್ತು:
‘ಇಳಿದಿಲ್ಲ. ಅದರ ಟಿಕೆಟ್ಟು ತುಂಬ ದೂರದ್ದು.
ಕಿಟಕಿಯಾಚೆ ನೋಡುತ್ತ ಕೂತಿದೆ.’